ಸೌರಫಲಕದ ಆಚೆಗೆ ಎಂಜಿನಿಯರ್‌ನ ಕೆಲಸ

ನವೀಕರಿಸಬಹುದಾದ ಇಂಧನದ ಕ್ಷೇತ್ರಕ್ಕೆ ಬರಬಯಸುವ ಯುವ ಎಂಜಿನಿಯರ್‌ಗಳು ಬಹುಪಾಲು ಮೊದಲು ಕಲಿಯಹೊರಡುವುದು ಸೌರಫಲಕಗಳ ವಿನ್ಯಾಸವನ್ನು. ನನ್ನ ಅಭಿಪ್ರಾಯದಲ್ಲಿ ಅದು ಈ ವೃತ್ತಿಯ ಅತಿ ಸುಲಭದ ಭಾಗ. ಅದರ ಲೆಕ್ಕವನ್ನು ಇಂದು ತಂತ್ರಾಂಶವೇ ಮಾಡಿಕೊಡುತ್ತದೆ. ಮೈಕ್ರೋಗ್ರಿಡ್ (ಮುಖ್ಯ ಜಾಲದಿಂದ ಬೇರ್ಪಟ್ಟೂ ನಡೆಯಬಲ್ಲ ಪುಟ್ಟ ಸ್ಥಳೀಯ ವಿದ್ಯುತ್ ಜಾಲ) ಕಟ್ಟುವವರ ವಿದ್ಯೆ ಪರೀಕ್ಷೆಗೊಳಗಾಗುವುದು ರಕ್ಷಣಾ ವ್ಯವಸ್ಥೆಯಲ್ಲಿ ಮತ್ತು ಬಳಕೆಯ ಅಂದಾಜಿನಲ್ಲಿ.

ರಕ್ಷಣೆಯನ್ನೇ ನೋಡೋಣ. ತಿರುಗುವ ಜನರೇಟರ್‌ಗಳಿರುವ ಜಾಲದಲ್ಲಿ ಶಾರ್ಟ್ ಸರ್ಕ್ಯೂಟ್ ಆದರೆ ಸಾಮಾನ್ಯಕ್ಕಿಂತ ಹಲವು ಪಟ್ಟು ಹೆಚ್ಚಿನ ವಿದ್ಯುತ್ ಪ್ರವಾಹ ನುಗ್ಗುತ್ತದೆ, ದೋಷ ಪತ್ತೆಹಚ್ಚುವ ಸಾಧನವಾದ ರಿಲೇ ಅದನ್ನು ಗುರುತಿಸಿ ಬ್ರೇಕರನ್ನು ಬೀಳಿಸಿ ವಿದ್ಯುತ್ ಕಡಿಯುತ್ತದೆ. ಫಲಕದ ನೇರ ವಿದ್ಯುತ್ತನ್ನು (ಡಿ.ಸಿ.) ಪರ್ಯಾಯ ವಿದ್ಯುತ್ತಾಗಿ (ಎ.ಸಿ.) ಬದಲಿಸುವ ಇನ್ವರ್ಟರ್ ಹಾಗಲ್ಲ, ತನ್ನ ಸೆಮಿಕಂಡಕ್ಟರ್‌ಗಳು ಸುಡದಂತೆ ಅದು ಪ್ರವಾಹವನ್ನು ನಿಗದಿತ ಮಟ್ಟಕ್ಕಿಂತ ತುಸು ಮೇಲೆಯೇ ತಡೆಹಿಡಿಯುತ್ತದೆ. ಹೀಗಾಗಿ ಮುಖ್ಯ ಜಾಲದೊಡನೆ ಇರುವಾಗ ಚೊಕ್ಕವಾಗಿ ಕೆಲಸ ಮಾಡುವ ರಿಲೇ, ಮೈಕ್ರೋಗ್ರಿಡ್ ಬೇರ್ಪಟ್ಟು ಒಂಟಿಯಾಗಿ ನಡೆಯತೊಡಗಿದಾಗ, ಎದುರಿಗಿರುವ ದೋಷವನ್ನೇ ಗಮನಿಸದೆ ಸುಮ್ಮನಿರಬಹುದು. ಅಂತೆಯೇ, ಸಾಮಾನ್ಯ ಸೌರ ಇನ್ವರ್ಟರ್ ಜಾಲದ ವೋಲ್ಟೇಜನ್ನು ಹಿಂಬಾಲಿಸುವುದೇ ಹೊರತು ತಾನೇ ಅದನ್ನು ಸ್ಥಾಪಿಸುವುದಿಲ್ಲ. ಆ ಹೊಣೆ ಹೊರಬಲ್ಲ ಇನ್ವರ್ಟರ್ ಆಗಲಿ ಜನರೇಟರ್ ಆಗಲಿ ಇಲ್ಲದಿದ್ದರೆ, ನೆತ್ತಿಯ ಮೇಲೆ ಸೂರ್ಯನಿದ್ದರೂ ವಿದ್ಯುತ್ ಇರುವುದಿಲ್ಲ. ಸಂದರ್ಶನಕ್ಕೆ ಬರುವವರಲ್ಲಿ ಇದನ್ನು ವಿವರಿಸಬಲ್ಲವರಿಗೆ ನಾನಾದರೆ ಕೂಡಲೇ ಕೆಲಸ ಕೊಡುತ್ತೇನೆ.

ಇನ್ನು ಬಳಕೆಯ ಮಾತು. ಸ್ಕಾಟ್ಲೆಂಡ್‌ನ ಐಗ್ ದ್ವೀಪದವರು 2008ರಲ್ಲಿ ಜಲ, ಪವನ ಮತ್ತು ಸೌರಶಕ್ತಿಗಳನ್ನು ಜೋಡಿಸಿ ತಮ್ಮದೇ ವಿದ್ಯುತ್ ಜಾಲವನ್ನು ಆರಂಭಿಸಿದರು. ಅಲ್ಲಿ ಒಂದು ಮನೆ ಒಂದು ಹೊತ್ತಿಗೆ 5 ಕಿಲೋವ್ಯಾಟ್, ಒಂದು ವ್ಯಾಪಾರ ಸಂಸ್ಥೆ 10 ಕಿಲೋವ್ಯಾಟ್ ಮಾತ್ರ ಬಳಸಬಹುದೆಂಬ ಮಿತಿಯಿದೆ. ಇದನ್ನು ಕೊರತೆಯೆಂದು ಬಗೆಯುವವರಿದ್ದಾರೆ. ನಾನಂತೂ ಆ ವ್ಯವಸ್ಥೆಯ ಅತ್ಯುತ್ತಮ ನಿರ್ಧಾರವೇ ಅದೆಂದು ತಿಳಿಯುತ್ತೇನೆ, ಏಕೆಂದರೆ ಎಲ್ಲರೂ ಒಟ್ಟಿಗೆ ಹೀಟರ್ ಹಚ್ಚುವ ಒಂದು ಸಂಜೆಗೆಂದು ಭಾರೀ ಯಂತ್ರಗಳನ್ನೂ ಬ್ಯಾಟರಿಗಳನ್ನೂ ಕೊಳ್ಳುವ ಪ್ರಮೇಯವನ್ನು ಅಂಥ ಮಿತಿ ತಪ್ಪಿಸುತ್ತದೆ. ಬಳಸುವವರೊಡನೆ ಕುಳಿತು ಇಂಥ ಒಪ್ಪಂದಕ್ಕೆ ಬರುವುದು ಎಂಜಿನಿಯರಿಂಗ್ ಕಾಲೇಜುಗಳ ಪಠ್ಯದಲ್ಲಿ ಕಾಣಸಿಗುವುದು ಅಪರೂಪ.

ಆದರೂ ವೃತ್ತಿಯಲ್ಲಿ ಬಡ್ತಿ ಸಿಗುವುದು ಸ್ಥಾಪಿಸಿದ ಮೆಗಾವ್ಯಾಟ್‌ಗಳ ಲೆಕ್ಕದ ಮೇಲೆ. ಸ್ಥಾಪಿಸಿದ್ದು ಐದು ವರ್ಷದ ಬಳಿಕ ಹೇಗಿದೆ ಎಂದು ಯಾರೂ ವಿಚಾರಿಸುವಂತೆ ಕಾಣುವುದಿಲ್ಲ. ಅಷ್ಟರಲ್ಲಿ ಬ್ಯಾಟರಿಯ ಸಾಮರ್ಥ್ಯ ಕುಗ್ಗಿರುತ್ತದೆ, ಬಳಕೆಯ ರೀತಿ ಬದಲಾಗಿರುತ್ತದೆ, ಮೊದಲ ಅಂದಾಜು ಎಲ್ಲಿ ಎಡವಿತೆಂಬುದು ಮೀಟರ್‌ಗಳ ದಾಖಲೆಯಲ್ಲಿ ಕಾಣತೊಡಗಿರುತ್ತದೆ. ಆ ದಾಖಲೆಗಳನ್ನು ದಿನವೂ ಓದುವವರು ನಿರ್ವಹಣಾ ವಿಭಾಗದಲ್ಲಿರುತ್ತಾರೆ. ಆದ್ದರಿಂದ ಎರಡು ಹುದ್ದೆಗಳು ಒಟ್ಟಿಗೆ ಎದುರಾದರೆ, ಸಂಬಳ ತುಸು ಕಡಿಮೆಯಾದರೂ ಸರಿ, ಮೊದಲ ಕೆಲವು ವರ್ಷ ನಿರ್ವಹಣೆಯಲ್ಲಿ ಕಳೆದು ಆಮೇಲೆ ವಿನ್ಯಾಸಕ್ಕೆ ಬನ್ನಿರೆಂದು ನಾನು ಹೇಳುತ್ತೇನೆ.