ಯುದ್ಧಕ್ಕಿಂತ ಮಾತು ದೊಡ್ಡದು ಅಂದ ಪ್ಲೂಟಾರ್ಕ್

[ದೃಶ್ಯ: ಹೆಸರು ಗೀಚಿದ ಮಡಕೆ ಚೂರುಗಳು]

ಸುಮಾರು ಕ್ರಿ.ಪೂ. 482. ಅಥೆನ್ಸ್‌ನಲ್ಲಿ ಮತದಾನ ನಡೀತಿದೆ, ಯಾರನ್ನ ಹತ್ತು ವರ್ಷ ಊರಿಂದ ಹೊರಗೆ ಹಾಕಬೇಕು ಅಂತ. ಮಡಕೆ ಚೂರಿನ ಮೇಲೆ ಹೆಸರು ಗೀಚಿದರೆ ಅದೇ ಓಟು. ಓದು ಬರಹ ಬಾರದ ಹಳ್ಳಿಗನೊಬ್ಬ ಪಕ್ಕದಲ್ಲಿದ್ದವನಿಗೆ ಚೂರು ಕೊಟ್ಟು, "ಅರಿಸ್ಟೈಡೀಸ್ ಅಂತ ಬರೆದುಕೊಡಪ್ಪಾ" ಅಂದ. ಹಾಗೆ ಕೇಳಿದ್ದು ಸಾಕ್ಷಾತ್ ಅರಿಸ್ಟೈಡೀಸನನ್ನೇ, ಅಥೆನ್ಸ್‌ನ ದೊಡ್ಡ ಮುಖಂಡನನ್ನ!

"ಅವನು ನಿನಗೇನು ಕೆಡುಕು ಮಾಡಿದ?"

"ಏನೂ ಇಲ್ಲ. ಅವನ್ಯಾರೋ ನನಗೆ ಗೊತ್ತೂ ಇಲ್ಲ. ಎಲ್ಲಿ ಹೋದರೂ ಅವನನ್ನ 'ನ್ಯಾಯವಂತ' ಅಂತಾರಲ್ಲ, ಕೇಳಿ ಕೇಳಿ ಸಾಕಾಗಿದೆ."

ಅರಿಸ್ಟೈಡೀಸ್ ಮರುಮಾತಾಡದೆ ತನ್ನ ಹೆಸರು ಬರೆದುಕೊಟ್ಟ.

[ದೃಶ್ಯ: ಗ್ರೀಸ್ ನಕ್ಷೆ, ಕೈರೊನಿಯಾ]

ಇದನ್ನ ನಮಗೆ ಹೇಳಿದ್ದು ಗ್ರೀಕ್ ಲೇಖಕ ಪ್ಲೂಟಾರ್ಕ್. ಕ್ರಿ.ಶ. 46ರ ಸುಮಾರಿಗೆ ಕೈರೊನಿಯಾ ಅನ್ನೋ ಸಣ್ಣ ಊರಲ್ಲಿ ಹುಟ್ಟಿದವನು, ಡೆಲ್ಫಿಯ ಅಪೊಲೊ ದೇಗುಲದ ಅರ್ಚಕ. ಘಟನೆ ನಡೆದು ಸುಮಾರು ಆರುನೂರು ವರ್ಷ ಕಳೆದ ಮೇಲೆ ಬರೆದದ್ದು, ಹಾಗಾಗಿ ಪ್ರತಿ ಮಾತನ್ನೂ ದಾಖಲೆ ಅಂತ ನಂಬೋಕಾಗಲ್ಲ. ಆದರೆ ಒಳ್ಳೆಯವನ ಹೆಸರು ಕೇಳಿದರೇ ಬೇಸರ ಪಡೋ ಆ ಹಳ್ಳಿಗನನ್ನ ಮರೆಯೋಕೆ ಸಾಧ್ಯವೇ?

ಒಬ್ಬ ಗ್ರೀಕ್, ಒಬ್ಬ ರೋಮನ್ ಅಂತ ಜೋಡಿ ಮಾಡಿ ಇವನು ಜೀವನಚರಿತ್ರೆ ಬರೆದ. ಅಲೆಕ್ಸಾಂಡರನಿಗೆ ಸೀಸರ್, ಗ್ರೀಕ್ ಭಾಷಣಕಾರ ಡೆಮಾಸ್ತನೀಸನಿಗೆ ರೋಮನ್ ಭಾಷಣಕಾರ ಸಿಸೆರೊ. ಇಪ್ಪತ್ಮೂರು ಜೋಡಿ ಉಳಿದಿವೆ. ನಾನು ಬರೆಯೋದು ಇತಿಹಾಸವಲ್ಲ, ಬದುಕು ಅಂತ ಅಲೆಕ್ಸಾಂಡರನ ಕಥೆಯ ಶುರುವಲ್ಲೇ ಹೇಳ್ತಾನೆ. ಸಾವಿರಾರು ಜನ ಸಾಯೋ ಯುದ್ಧಕ್ಕಿಂತ ಒಂದು ಮಾತು, ಒಂದು ತಮಾಷೆ ಮನುಷ್ಯನ ಗುಣವನ್ನ ಚೆನ್ನಾಗಿ ತೋರಿಸುತ್ತೆ ಅನ್ನೋದು ಅವನ ವಾದ. ಇವನ ಬರಹ ಇಷ್ಟು ದೂರ ಬಂದದ್ದು ಈ ಆಯ್ಕೆಯಿಂದಲೇ ಅಂತ ನನ್ನ ನಂಬಿಕೆ.

[ದೃಶ್ಯ: ನೈಲ್ ಅಲ್ಲ, ಸಿಡ್ನಸ್ ನದಿ, ಕ್ಲಿಯೋಪಾತ್ರಳ ದೋಣಿ]

ಈ ಜೀವನಚರಿತ್ರೆಗಳನ್ನ 1559ರಲ್ಲಿ ಜಾಕ್ ಅಮಿಯೊ ಫ್ರೆಂಚಿಗೆ ತಂದ. ಅದರಿಂದ 1579ರಲ್ಲಿ ಥಾಮಸ್ ನಾರ್ತ್ ಇಂಗ್ಲಿಷಿಗೆ. ಆ ಪುಸ್ತಕ ಷೇಕ್ಸ್‌ಪಿಯರನ ಕೈಗೆ ಸಿಕ್ಕಿತು. ಅವನ ನಾಟಕದಲ್ಲಿ ಈಜಿಪ್ಟಿನ ರಾಣಿ ಕ್ಲಿಯೋಪಾತ್ರ ರೋಮನ್ ಸೇನಾಪತಿ ಆಂಟನಿಯನ್ನ ನೋಡೋಕೆ ಬರೋ ದೋಣಿಯ ವರ್ಣನೆ ಇದೆಯಲ್ಲ, ಚಿನ್ನದ ಹಿಂಭಾಗ, ನೇರಳೆ ಹಾಯಿ, ಬೆಳ್ಳಿ ಹುಟ್ಟು, ಅದೆಲ್ಲ ನಾರ್ತನ ಗದ್ಯದಲ್ಲೇ ಇದೆ. ಷೇಕ್ಸ್‌ಪಿಯರ್ ಅದನ್ನ ಪದ್ಯ ಮಾಡಿದ.

[ದೃಶ್ಯ: 1787ರ ನ್ಯೂಯಾರ್ಕ್ ಪತ್ರಿಕೆ]

ಪ್ಲೂಟಾರ್ಕ್ ಬರೆದ ಇನ್ನೊಬ್ಬ ನಾಯಕ ರೋಮಿನ ಪುಬ್ಲಿಯಸ್ ವಲೇರಿಯಸ್. ಗುಡ್ಡದ ಮೇಲೆ ದೊಡ್ಡ ಮನೆ ಕಟ್ಟಿಸಿದ್ದ. ಇವನೇನು ರಾಜನಾಗಬೇಕು ಅಂತಿದ್ದಾನಾ ಅಂತ ಜನ ಗುಸುಗುಸು ಶುರು ಮಾಡಿದ್ದು ಕಿವಿಗೆ ಬಿತ್ತು. ರಾತ್ರೋರಾತ್ರಿ ಆಳು ಕರೆಸಿ ಮನೆಯನ್ನ ನೆಲಸಮ ಮಾಡಿಸಿಬಿಟ್ಟ. 1787ರಲ್ಲಿ ಅಮೆರಿಕದ ಹೊಸ ಸಂವಿಧಾನವನ್ನ ಒಪ್ಪಿಕೊಳ್ಳಿ ಅಂತ ಅಲ್ಲಿನ ಮುಖಂಡರಾದ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಪತ್ರಿಕೆಗಳಿಗೆ ಬರೆಯೋಕೆ ಶುರು ಮಾಡಿದರು. ಒಟ್ಟು 85 ಲೇಖನ. ಮೂವರೂ ಸ್ವಂತ ಹೆಸರು ಹಾಕಲಿಲ್ಲ. ಎಲ್ಲದರ ಕೆಳಗೂ ಒಂದೇ ಸಹಿ, ಪುಬ್ಲಿಯಸ್.