ದಡದಲ್ಲಿ ಯಾರೂ ಕೂರಬೇಡಿ

ಎಲ್ಲರಿಗೂ ಶರಣು.

ಪರೀಕ್ಷೆ ಮುಗಿದಿವೆ. ರಜೆಗೆ ಎಲ್ಲಿಗೆ ಹೋಗೋಣ ಅನ್ನುವ ಮಾತು ನಿಮ್ಮ ಮನೆಗಳಲ್ಲೂ ಶುರುವಾಗಿರುತ್ತದೆ. ಮಕ್ಕಳು ದಾಂಡೇಲಿ ಅನ್ನುತ್ತಾರೆ, ಕಾಳಿ ನದಿಯ ರ‍್ಯಾಫ್ಟಿಂಗ್ ವಿಡಿಯೊ ತೋರಿಸುತ್ತಾರೆ. ಅಪ್ಪ ಖರ್ಚಿನ ಲೆಕ್ಕ ಹಾಕುತ್ತಾರೆ. ಅಮ್ಮ ಬುತ್ತಿಗೆ ಎಷ್ಟು ರೊಟ್ಟಿ ಬಡಿಯಬೇಕು ಅಂತ ಲೆಕ್ಕ ಹಾಕುತ್ತಾಳೆ. ನನ್ನ ತಕರಾರು ಇರುವುದು ಇಲ್ಲೇ.

ಯಾವುದೇ ನದಿಗೆ ಹೋಗಿ ನೋಡಿ. ಗಂಡ, ಮಕ್ಕಳು, ಮೈದುನ ಎಲ್ಲರೂ ನೀರಲ್ಲಿ ಇರುತ್ತಾರೆ. ದಡದಲ್ಲಿ ಒಬ್ಬ ಹೆಣ್ಣುಮಗಳು ಕೂತಿರುತ್ತಾಳೆ. ಮಡಿಲಲ್ಲಿ ನಾಲ್ಕು ಮೊಬೈಲು, ಗಂಡನ ವಾಚು, ಪಾಕೀಟು. ಸುತ್ತಲೂ ಎಲ್ಲರ ಚಪ್ಪಲಿ. ಮನೆಮಂದಿಯೆಲ್ಲ ಮಜಾ ಮಾಡಿದೆವು ಅಂತ ಆಮೇಲೆ ಹೇಳುತ್ತೇವೆ. ಮನೆಮಂದಿಯಲ್ಲಿ ಆಕೆ ಇಲ್ವಾ? ಈ ಬ್ಯಾಗ್ ಕಾಯುವ ಕೆಲಸ ನಿಲ್ಲಬೇಕು. ನಾನು ಇವತ್ತು ಬಂದಿರುವುದು ಇದನ್ನು ಹೇಳುವುದಕ್ಕೆ. ಬೇರೆ ವಿಷಯಗಳನ್ನು ಸಮಯ ಇದ್ದಷ್ಟು ಹೇಳುತ್ತೇನೆ.

ಬಾದಾಮಿಯ ಒಂದು ಪ್ರಸಂಗ ಇದೆ. ನನ್ನ ಜೊತೆ ಓಡಾಡುವವರು ಎಷ್ಟು ಸಲ ಕೇಳಿದ್ದಾರೋ, ಅವರು ಇನ್ನೊಂದು ಸಲ ಕೇಳಲಿ.

ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಗಳು ಹತ್ತುವವರಿಗೆ ಹೇಳಿ ಮಾಡಿಸಿದಂಥವು. ಹೊರದೇಶದವರೂ ಬಂದು ಹತ್ತುತ್ತಾರೆ. ನಾವು ಇಲ್ಲಿ ಕಲಬುರಗಿಯಿಂದ ಕೆಲವು ಮನೆಯವರು ಕೂಡಿ ಹೋಗಿದ್ದೆವು. ಅದರಲ್ಲಿ ಚಿತ್ತಾಪುರ ಕಡೆಯ ಒಬ್ಬ ಅಕ್ಕ ಇದ್ದರು. ಇಳಿದ ಕೂಡಲೇ ಬ್ಯಾಗುಗಳ ನಡುವೆ ಹೋಗಿ ಕೂತರು, ಕೈಯಲ್ಲಿ ಒಂದು ಕೋಲು. ಬಾದಾಮಿ ಮಂಗಗಳು ಗೊತ್ತಲ್ಲ, ಬುತ್ತಿ ಗಂಟು ಕಂಡರೆ ಬಿಡುವುದಿಲ್ಲ. ಅವರ ಮಗಳು ಹತ್ತನೇ ತರಗತಿ ಮುಗಿಸಿದವಳು, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಬಂಡೆಯ ಮುಂದೆ ನಿಂತಿದ್ದಳು. ತರಬೇತಿ ಕೊಡುವ ಹುಡುಗ, "ಕೆಳಗೆ ಹಗ್ಗ ಹಿಡಿಯಲು ಒಬ್ಬರು ಬೇಕು, ಕಲಿಸುತ್ತೇನೆ, ಯಾರು ಬರುತ್ತೀರಿ?" ಅಂದ. ಗಂಡಸರು ಫೋಟೊ ತೆಗೆಯುವುದರಲ್ಲಿ ಇದ್ದರು. ಅಕ್ಕ ಕೋಲು ಕೆಳಗಿಟ್ಟು ಎದ್ದು ಬಂದರು.

ಹಗ್ಗ ಹಿಡಿಯುವುದು ಅಂದರೆ ಏನು ಅಂತ ಹೇಳುತ್ತೇನೆ. ಹತ್ತುವವರ ಸೊಂಟಕ್ಕೆ ಕಟ್ಟಿದ ಹಗ್ಗ ಮೇಲಿನ ಕೊಂಡಿಯಲ್ಲಿ ಹಾಯ್ದು ಕೆಳಗೆ ನಿಂತವರ ಸೊಂಟಕ್ಕೆ ಬರುತ್ತದೆ. ಅಲ್ಲಿ ಒಂದು ಸಣ್ಣ ಲೋಹದ ಬಿಲ್ಲೆ ಇರುತ್ತದೆ, ಹಗ್ಗ ಅದರೊಳಗೆ ಮಡಚಿಕೊಂಡು ಹೋಗುತ್ತದೆ. ಮೇಲಿನವರು ಒಂದೊಂದು ಹೆಜ್ಜೆ ಏರಿದ ಹಾಗೆ ಸಡಿಲಾದ ಹಗ್ಗವನ್ನು ಎಳೆದುಕೊಳ್ಳುತ್ತಾ ಇರಬೇಕು. ಮೇಲಿನವರು ಜಾರಿದರೆ ಬಲಗೈಯಿಂದ ಹಗ್ಗವನ್ನು ಕೆಳಕ್ಕೆ ಜಗ್ಗಿ ಹಿಡಿದರೆ ಸಾಕು, ಬಿಲ್ಲೆಯಲ್ಲಿ ಹಗ್ಗ ಕಚ್ಚಿಕೊಳ್ಳುತ್ತದೆ. ಆದರೆ ಬಲಗೈ ಯಾವ ಕಾರಣಕ್ಕೂ ಹಗ್ಗ ಬಿಡಬಾರದು. ಸೊಳ್ಳೆ ಕಚ್ಚಿದರೂ, ಕಣ್ಣಿಗೆ ಬೆವರು ಇಳಿದರೂ ಬಿಡಬಾರದು. ಹೊಸಬರು ತಪ್ಪುವುದು ಇಲ್ಲೇ. ಅದಕ್ಕೇ ಆ ಹುಡುಗ ಅಕ್ಕನ ಹಿಂದೆ ತಾನೂ ಹಗ್ಗದ ತುದಿ ಹಿಡಿದು ನಿಂತಿದ್ದ.

ಅಕ್ಕನ ಬಲಗೈ ಒಂದು ಸಲವೂ ಹಗ್ಗ ಬಿಡಲಿಲ್ಲ. ಹುಡುಗ ಕೇಳಿದ, "ಅಮ್ಮಾ, ಮೊದಲು ಎಲ್ಲಾದರೂ ಕಲಿತಿದ್ದೀರಾ?" ಅಕ್ಕ ಮೇಲಿನಿಂದ ಕಣ್ಣು ತೆಗೆಯದೆ ಅಂದರು, "ಸಣ್ಣಾಕಿ ಇದ್ದಾಗಿಂದ ಬಾವಿ ನೀರು ಸೇದೀನಿ ತಮ್ಮಾ. ಹಗ್ಗ ಬಿಟ್ರ ಕೊಡ ಬಾವ್ಯಾಗ ಹೋಗ್ತದ, ಮನ್ಯಾಗ ಬೈಸ್ಕೋಬೇಕಾಗ್ತದ."

ಅರ್ಧ ದಾರಿಯಲ್ಲಿ ಮಗಳ ಕಾಲು ಜಾರಿತು. ಹಗ್ಗ ಬಿಗಿಯಿತು. ಆ ಭಾರಕ್ಕೆ ಅಕ್ಕನ ಹಿಮ್ಮಡಿ ನೆಲದಿಂದ ಮೇಲೆದ್ದವು. "ಹೆದರಬ್ಯಾಡ, ನಾ ಹಿಡದೀನಿ" ಅಂದರು. ಹುಡುಗಿ ಉಸಿರು ಹಿಡಿದು ಮತ್ತೆ ಬಂಡೆಗೆ ಕೈ ಹಾಕಿ ತುದಿ ಮುಟ್ಟಿದಳು. ಮಧ್ಯಾಹ್ನದೊಳಗೆ ಮಗಳ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಅಕ್ಕನೂ ಹತ್ತಿದರು. ಈ ಗದ್ದಲದಲ್ಲಿ ಮಂಗಗಳು ಒಂದು ಡಬ್ಬಿ ಶೇಂಗಾ ಹೋಳಿಗೆ ಒಯ್ದವು. ಒಯ್ಯಲಿ ಬಿಡಿ, ಅಕ್ಕ ಆವತ್ತು ಬಂಡೆ ಹತ್ತಿದರಲ್ಲ.

1975ರಲ್ಲಿ ಎವರೆಸ್ಟ್ ಏರಿದ ಮೊದಲ ಮಹಿಳೆ ಜಪಾನಿನ ಜುಂಕೊ ತಾಬೆಯಿ. ಆಗ ಅವರಿಗೆ ಸಣ್ಣ ಮಗಳಿದ್ದಳು. ತುದಿ ಮುಟ್ಟುವ ಕೆಲವೇ ದಿನ ಮೊದಲು ಹಿಮಕುಸಿತದಲ್ಲಿ ಸಿಕ್ಕಿ ಬದುಕಿ ಬಂದಿದ್ದರು. ಮಕ್ಕಳಿರುವವರಿಗೆ ಸಾಹಸ ಸಲ್ಲದು ಅನ್ನುವವರಿಗೆ ಈ ಹೆಸರು ಹೇಳಿ.

ನಮ್ಮ ಕಲಬುರಗಿ ಸುತ್ತಮುತ್ತಲಿನ ಮಾತಿಗೇ ಬರೋಣ. ಬೀದರಿನ ಝರಣಿ ನರಸಿಂಹ ಗುಹೆ ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಸುಮಾರು 300 ಮೀಟರ್ ಸುರಂಗ, ಎದೆಮಟ್ಟದ ನೀರು, ತಲೆಯ ಮೇಲೆ ಬಾವಲಿ. ಅಜ್ಜಿ, ಸೊಸೆ, ತಂದೆಯ ಹೆಗಲ ಮೇಲೆ ಕೂಸು, ಎಲ್ಲರೂ ಇಳಿಯುತ್ತಾರೆ. ಅಲ್ಲಿ ಯಾವ ಅಜ್ಜಿಯೂ "ನಾ ಬ್ಯಾಗ್ ಕಾಯ್ತೀನಿ" ಅನ್ನುವುದಿಲ್ಲ. ದೇವರ ಹೆಸರಲ್ಲಿ ಬರುವ ಧೈರ್ಯ ರಜೆಯ ಹೆಸರಲ್ಲೂ ಬರಲಿ. ಕೆಲವೊಮ್ಮೆ ಒಳಗೆ ಬಿಡುವುದಿಲ್ಲ, ಹೋಗುವ ಮೊದಲು ವಿಚಾರಿಸಿ.

ಯಾದಗಿರಿ ಕೋಟೆ ಊರ ನಡುವೆಯೇ ಇದೆ. ರೈಲಿನಲ್ಲಿ ಹೋಗಿ ಬರಬಹುದು. ನಸುಕಿನಲ್ಲಿ ಹತ್ತಿದರೆ ಬಿಸಿಲು ಏರುವುದರೊಳಗೆ ಇಳಿಯಬಹುದು. ಚಿಂಚೋಳಿ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು, ಸುಮಾರು 134 ಚದರ ಕಿಲೋಮೀಟರ್. ಚಂದ್ರಂಪಳ್ಳಿ ಜಲಾಶಯ, ಎತ್ತಿಪೋತ ಜಲಪಾತ ಎಲ್ಲ ಆ ಕಡೆಯೇ. ಅರಣ್ಯ ಇಲಾಖೆಯ ಅನುಮತಿ ಪಡೆದು ಹೋಗಿ. ಆದರೆ ಅದನ್ನು ದಸರಾ ರಜೆಗೆ ಇಟ್ಟುಕೊಳ್ಳಿ. ಮಳೆ ಮುಗಿದ ಮೇಲೆ ಆ ಕಾಡಿನ ಬಣ್ಣವೇ ಬೇರೆ. ಮೇ ತಿಂಗಳಲ್ಲಿ ಹೋಗಿ ಜಲಪಾತದಲ್ಲಿ ನೀರಿಲ್ಲ ಅಂತ ಬೈಯಬೇಡಿ.

ಇನ್ನು ನೀರಿನ ವಿಷಯ. ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಶಹಾಬಾದ್, ಸೇಡಂ, ಚಿತ್ತಾಪುರ ಕಡೆ ಕೆಲಸ ನಿಂತ ಫರ್ಸಿ ಖಣಿಗಳಿವೆ, ನೆಲಕ್ಕೆ ಹಾಸುವ ಕಲ್ಲು ತೆಗೆದ ಗುಂಡಿಗಳು. ನೀರು ತಿಳಿಯಾಗಿ, ತಣ್ಣಗೆ ಕಾಣುತ್ತದೆ. ಹುಡುಗರು ಬಿಸಿಲಿಗೆ ಹೋಗಿ ಹಾರುತ್ತಾರೆ. ಖಣಿಗೆ ಕೆರೆಯ ಹಾಗೆ ಇಳಿಜಾರು ದಂಡೆ ಇರುವುದಿಲ್ಲ. ಕಲ್ಲನ್ನು ನೇರ ಕೊಯ್ದು ತೆಗೆದಿರುತ್ತಾರೆ, ಅಂಚಿನಿಂದಲೇ ಆಳ. ಈಜು ಬಂದವನಿಗೂ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಮಕ್ಕಳನ್ನು ಅಲ್ಲಿಗೆ ಬಿಡಲೇಬೇಡಿ.

ಅದಕ್ಕೆ ಬದಲು ಈಜು ಕಲಿಸಿ, ಹೆಣ್ಣುಮಕ್ಕಳಿಗೂ ಕಲಿಸಿ. ಹಿಂದೆ ಹೊಲದ ಬಾವಿಯಲ್ಲಿ ಬೆನ್ನಿಗೆ ಬೆಂಡು ಕಟ್ಟಿ, ಮೇಲೆ ಸೋದರಮಾವ ಹಗ್ಗ ಹಿಡಿದು ಕಲಿಸುತ್ತಿದ್ದರು. ಈಗ ಊರಲ್ಲೇ ಈಜುಕೊಳ ಇದೆ. ಈಜು ಬಂದರೂ ದೋಣಿಯಲ್ಲಿ, ಹರಿಗೋಲಿನಲ್ಲಿ ಲೈಫ್ ಜಾಕೆಟ್ ಬೇಕೇ ಬೇಕು. ಹಾಕಿದ ಮೇಲೆ ಎರಡೂ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಜಾಕೆಟ್ ಗದ್ದ ದಾಟಿ ಕಿವಿವರೆಗೆ ಬಂದರೆ ಅದು ಸಡಿಲು. ಮಗುವಿಗೆ ದೊಡ್ಡವರ ಜಾಕೆಟ್ ಕೊಟ್ಟರೆ ಬೇಡ ಅನ್ನಿ. ದುಡ್ಡು ಕಟ್ಟಿ ಆಗಿದೆಯಲ್ಲ ಅಂತ ಸುಮ್ನೆ ಕೂರಬೇಡಿ, ಇಳಿದು ಬನ್ನಿ. ಇಲ್ಲೂ ನನ್ನ ಹಳೆಯ ಮಾತೇ ಬರುತ್ತದೆ. ತಾಯಿ ತಾನೂ ದೋಣಿ ಹತ್ತುವುದಾದರೆ ಜಾಕೆಟ್ಟಿನ ಬಕ್ಕಲ್ ಮುಟ್ಟಿ ನೋಡುತ್ತಾಳೆ, ಹಗ್ಗ ಹಳೆಯದಾ ಅಂತ ಕೇಳುತ್ತಾಳೆ. ದಡದಲ್ಲಿ ಮೊಬೈಲು ಕಾಯುತ್ತಾ ಕೂತವಳಿಗೆ ಆ ಅವಕಾಶವೇ ಸಿಗುವುದಿಲ್ಲ.

ಯಾರಾದರೂ ಮುಳುಗುತ್ತಿದ್ದರೆ ಹಿಂದೆಮುಂದೆ ನೋಡದೆ ಹಾರಬೇಡಿ. ಸೀರೆ ಎಸೆಯಿರಿ, ಹಗ್ಗ ಎಸೆಯಿರಿ, ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಬಿಸಿಲಿನ ಬಗ್ಗೆ ಕಲಬುರಗಿಯವರಿಗೆ ನಾನೇನು ಹೇಳಲಿ. ನಮ್ಮಲ್ಲಿ ಬೇಸಿಗೆಗೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಗಿಸುತ್ತವೆ. ನೀವೂ ಹತ್ತು ಗಂಟೆಯೊಳಗೆ ನೆರಳಿಗೆ ಬನ್ನಿ. ಮಜ್ಜಿಗೆ, ಓಆರ್‌ಎಸ್ ಇರಲಿ. ಬಿಸಿಲಲ್ಲಿ ಇದ್ದ ಮಗು ಅಸಂಬದ್ಧ ಮಾತಾಡಿದರೆ, ಮೈ ಕಾದಿದ್ದರೆ, ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ ಆಸ್ಪತ್ರೆಗೆ ಒಯ್ಯಿರಿ. ಸಂಜೆ ಗುಡುಗು ಕೇಳಿದರೆ ಕೋಟೆ ಮೇಲೆ ನಿಲ್ಲಬೇಡಿ, ಮರದ ಕೆಳಗೂ ನಿಲ್ಲಬೇಡಿ. ಕಾರಿನೊಳಗೆ, ಇಲ್ಲ ಪಕ್ಕಾ ಕಟ್ಟಡದೊಳಗೆ ಹೋಗಿ.

ಡೇರೆ, ಸೈಕಲ್ಲು, ಬೋನಾಳ ಕೆರೆಯ ಹಕ್ಕಿಗಳು, ಇವೆಲ್ಲ ಉಳಿದವು. ಬಾದಾಮಿಗೆ ಹೋಗುವವರಿಗೆ ಒಂದು ಮಾತು. ತರಬೇತಿ ಪಡೆದವರಿಲ್ಲದೆ ಬಂಡೆ ಮುಟ್ಟಬೇಡಿ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಸರ್ಕಾರದ್ದೇ ಸಂಸ್ಥೆ, ಮೊದಲು ಅವರನ್ನು ಕೇಳಿ.

ಈಗ ಪ್ರಶ್ನೆಗಳು. ಹಿಂದಿನ ಸಾಲಿನ ಅಕ್ಕಾವರು ಆಗಿನಿಂದ ಕೈ ಎತ್ತಿದ್ದೀರಿ. ಮೈಕ್ ಅವರಿಗೆ ಕೊಡ್ರಿ ಮೊದಲು.