ಬೆಲ್ಲಳ ಮೂತ್ರ, ಅಮ್ಮನ ಸೌಟು

ಬೆಳಗಿನ ಆರು ಗಂಟೆ, ಬಸವನಗುಡಿ. ಕೈಯಲ್ಲಿರುವುದು ಸಾರಿನ ಸೌಟೇ, ಅನುಮಾನ ಬೇಡ. ನಮ್ಮ ನಾಯಿ ಬೆಲ್ಲ ಮೂತ್ರಕ್ಕೆ ಕುಳಿತ ತಕ್ಷಣ, ಪರೀಕ್ಷೆಗೆ ಹಿಡಿಯಲು ಹಿಂದಿನಿಂದ ಇದನ್ನು ತಳ್ಳಬೇಕು. ನೋಡಿ, ನಾನು ಬಗ್ಗುತ್ತೇನೆ, ಅವಳು ಏಳುತ್ತಾಳೆ. ಮತ್ತೆ ಬಗ್ಗುತ್ತೇನೆ, ಮತ್ತೆ ಏಳುತ್ತಾಳೆ. ಹತ್ತು ವರ್ಷದ ಮುದುಕಿಗೆ ಇದೆಂಥ ನಾಚಿಕೆ! ಹಾಲಿನವನು ಸ್ಕೂಟರ್ ನಿಲ್ಲಿಸಿಕೊಂಡು ನೋಡುತ್ತಿದ್ದಾನೆ. ಕೊನೆಗೂ ಎರಡು ಚಮಚದಷ್ಟು ಸಿಕ್ಕಿತು, ಜೊತೆಗೆ ಒಂದು ಹೊಂಗೆ ಹೂವು. ಅಮ್ಮ ಕಿಟಕಿಯಿಂದಲೇ ಹೇಳಿದರು: "ಆ ಸೌಟಿನ ಜೊತೆ ನೀನೂ ಹೊರಗೇ ಇರು."

ಇಷ್ಟು ಒದ್ದಾಡಿದ ಮೇಲೆ ಡಾಕ್ಟರ್ ಹೇಳಿದ್ದೇನು ಗೊತ್ತೇ? ಇದು ಸಾಲದು. ಸೂಕ್ಷ್ಮದರ್ಶಕದಲ್ಲಿ ಮೊಗ್ಗೊಡೆದಂತಹ ದುಂಡು ಕಣಗಳು ಕಂಡವು, ಯೀಸ್ಟ್ ಜಾತಿಯ ಶಿಲೀಂಧ್ರ. ಆದರೆ ಅದು ಮೂತ್ರಕೋಶದ್ದೋ, ಮೈಮೇಲಿನದೋ, ಸೌಟಿನದೋ ಯಾರು ಹೇಳಬೇಕು? ಹೊಟ್ಟೆಯ ಮೂಲಕ ಸೂಜಿ ಹಾಕಿ ಮೂತ್ರಕೋಶದಿಂದಲೇ ತೆಗೆಯಬೇಕಂತೆ. ಮೊದಲೇ ಹೇಳಬಾರದಿತ್ತೇ ಎಂದು ರೇಗಿತು. ಆಮೇಲೆ ನೆನಪಾಯಿತು, ಕೇಳದೆ ಸೌಟು ಹಿಡಿದು ಹೊರಟವನು ನಾನೇ.

ಆಟೊದವರ ವಿಷಯ ಎತ್ತಬೇಡಿ. ನಾಯಿ ಕಂಡೊಡನೆ ಇಬ್ಬರು ಹೊರಟೇಹೋದರು, ಕರುಣೆಯಿಲ್ಲದ ಜನ. ಮೂರನೆಯವರು ಸೀಟಿನ ಮೇಲೆ ಹಳೆಯ ಪತ್ರಿಕೆ ಹಾಸಿಕೊಟ್ಟರು. ಸರಿ, ಮಾತು ಹಿಂದಕ್ಕೆ ತೆಗೆದುಕೊಂಡೆ.

ಅಯ್ಯೋ, ಸೂಜಿಯ ದೃಶ್ಯ ಮುಗಿದೇಹೋಯಿತು. ಅವಳು ಕುಂಯ್ ಎನ್ನಲೂ ಇಲ್ಲ. ಕಲ್ಚರ್‌ನಲ್ಲಿ, ಅಂದರೆ ಮೂತ್ರದಲ್ಲಿರುವ ಜೀವಿಗಳನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಬೆಳೆದದ್ದು ಕ್ಯಾಂಡಿಡಾ ಎಂಬ ಯೀಸ್ಟ್. ನಾಯಿಗಳ ಮೂತ್ರದಲ್ಲಿ ಸಾಮಾನ್ಯವಾಗಿ ಸಿಗುವುದು ಬ್ಯಾಕ್ಟೀರಿಯಾ, ಶಿಲೀಂಧ್ರ ಅಪರೂಪ. ಬೆಲ್ಲಳಿಗೆ ಮಧುಮೇಹವಿದೆ, ಮೂತ್ರದಲ್ಲಿ ಸಕ್ಕರೆ. ಅದರ ಮೇಲೆ ವಾರಗಟ್ಟಲೆ ಆ್ಯಂಟಿಬಯೋಟಿಕ್. ಅದು ಬ್ಯಾಕ್ಟೀರಿಯಾವನ್ನು ಓಡಿಸಿ ಇದಕ್ಕೆ ಜಾಗ ಮಾಡಿಕೊಟ್ಟಿತು. ಹೋದ ತಿಂಗಳು "ಇನ್ನೊಂದು ಕೋರ್ಸ್ ಕೊಡಿ" ಎಂದು ದುಂಬಾಲು ಬಿದ್ದವನೂ ನಾನೇ.

ಈಗ ಕೊಡುತ್ತಿರುವುದು ಫ್ಲುಕೊನಜೋಲ್ ಎಂಬ ಶಿಲೀಂಧ್ರದ ಔಷಧಿ. ಇದರ ಬಹುಭಾಗ ಶಕ್ತಿ ಕಳೆದುಕೊಳ್ಳದೆ ಮೂತ್ರಕ್ಕೇ ಇಳಿಯುತ್ತದೆ. ಅದೇ ಬಗೆಯ ಇನ್ನೊಂದು ಔಷಧಿ ಇಟ್ರಕೊನಜೋಲ್ ಹಾಗಲ್ಲ, ಅಲ್ಲಿಗೆ ಸರಿಯಾಗಿ ತಲುಪುವುದೇ ಇಲ್ಲ. ಮನೆಯಲ್ಲಿ ಉಳಿದಿರುವ ಮನುಷ್ಯರ ಮಾತ್ರೆಯನ್ನು ಮುರಿದು ಹಾಕಲು ಹೋಗಬೇಡಿ, ನಾಯಿಯ ತೂಕ ನೋಡಿ ಡಾಕ್ಟರೇ ಅಳತೆ ಹೇಳಬೇಕು. ಇದು ವಾರಗಳ ಕೆಲಸ. ಜೊತೆಗೆ ಇನ್ಸುಲಿನ್ ತಪ್ಪಬಾರದು, ಆಮೇಲೆ ಮತ್ತೆ ಕಲ್ಚರ್.

ಇಡ್ಲಿಯೊಳಗೆ ಬಚ್ಚಿಟ್ಟ ಮಾತ್ರೆ ನೋಡಿ... ಇಡ್ಲಿ ಒಳಗೆ, ಮಾತ್ರೆ ನೆಲಕ್ಕೆ.

ಇದು ಆ ಸೌಟು. ಅಡುಗೆಮನೆ ಸೇರದಿರಲಿ ಎಂದು ಅಮ್ಮ ಹಿಡಿಯ ಮೇಲೆ 'ಬೆಲ್ಲ' ಎಂದು ಬರೆದಿದ್ದಾರೆ. ಹಬ್ಬಕ್ಕೆ ಬಂದ ಅತ್ತೆ ಇದನ್ನು ಪಾಯಸಕ್ಕೆ ಹಾಕದಿದ್ದರೆ ಸಾಕು.